ಬೆಳ್ಳಗಾಗುವ ಟ್ಯೂಬು

ನಮ್ಮ ಮೆಡಿಕಲ್ ಶಾಪಿನ ಗೋಡೆಯ ಮೇಲಿದ್ದ ನನ್ನ ಸರ್ಟಿಫಿಕೇಟನ್ನು ಇಳಿಸಿದವಳು ನಾನೇ. ಅಜ್ಜಂಪುರದಲ್ಲಿ ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಅತ್ತೆ ಸೊಸೆ ಜಗಳ ಅಂತ ಕೆಲವರು, ಗಂಡ ಹೊಡೆದನಂತೆ ಅಂತ ಕೆಲವರು, ಬಾಣಂತಿಗೆ ತಲೆ ಕೆಟ್ಟಿದೆ ಅಂತ ಇನ್ನು ಕೆಲವರು. ನನ್ನ ಗಂಡ ರೇಣುಕಪ್ರಸಾದ್ ಹೊಡೆಯುವ ಪೈಕಿ ಅಲ್ಲ, ಪಾಪ. ಅಪ್ಪನ ಎದುರು ಕೆಮ್ಮುವುದಕ್ಕೂ ಹೆದರುವ ಮನುಷ್ಯ. ನನ್ನ ತಲೆಯೂ ನೆಟ್ಟಗೇ ಇದೆ. ಏನು ಕೆಟ್ಟಿದೆ, ಯಾರು ಕೆಡಿಸಿದರು ಅಂತ ನಾನೇ ಹೇಳುತ್ತೇನೆ, ಕೇಳಿ.

ನಾನು ಕೋಮಲಾ. ಪಂಚನಹಳ್ಳಿ ಕಡೆಯವಳು, ಡಿ.ಫಾರ್ಮ ಓದಿದವಳು. ಮೆಡಿಕಲ್ ಶಾಪ್ ನಡೆಸಬೇಕಾದರೆ ಫಾರ್ಮಸಿ ಓದಿದವರೊಬ್ಬರ ಸರ್ಟಿಫಿಕೇಟು ಗೋಡೆಯ ಮೇಲೆ ಇರಲೇಬೇಕು. ಮನೆಯಲ್ಲಿ ಓದಿದವರು ಇಲ್ಲದಿದ್ದರೆ ಯಾರದ್ದಾದರೂ ಬಾಡಿಗೆಗೆ ತಂದು ನೇತುಹಾಕುವುದುಂಟು. ನನ್ನ ಮಾವ ಪಂಚಾಕ್ಷರಪ್ಪ ಇಪ್ಪತ್ತು ವರ್ಷ ಹಾಗೇ ನಡೆಸಿ ಸಾಕಾಗಿ, ಮಗನಿಗೆ ಡಿ.ಫಾರ್ಮ ಓದಿದ ಹುಡುಗಿಯನ್ನೇ ತಂದುಬಿಟ್ಟರೆ ಕಾಗದವೂ ಮನೆಯದೇ ಆಗುತ್ತದೆ ಅಂತ ಯೋಚಿಸಿದರು. ಹಾಗೆ ಬಂದವಳು ನಾನು. ನನ್ನನ್ನು ನೋಡಲು ಬಂದ ದಿನ ಅತ್ತೆ ಮಲ್ಲಿಕಾಂಬ ಉಪ್ಪಿಟ್ಟು ತಿನ್ನುತ್ತಾ ನನ್ನ ಮುಖವನ್ನೊಮ್ಮೆ, ಕೈಯನ್ನೊಮ್ಮೆ ನೋಡಿ, "ಕಪ್ಪಾದ್ರೂ ಲಕ್ಷಣವಾಗಿದಾಳೆ ಬಿಡ್ರೀ" ಅಂದರು. ನಮ್ಮಮ್ಮ ಅಷ್ಟಕ್ಕೇ ಹಿಗ್ಗಿ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು. ಆ ತಟ್ಟೆಯನ್ನು ಕಿತ್ತುಕೊಂಡು ಒಳಗೆ ಹೋಗಬೇಕು ಅನ್ನಿಸಿತ್ತು ನನಗೆ. ಹೋಗಲಿಲ್ಲ.

ಮದುವೆಯಾದ ಮರುತಿಂಗಳೇ ಕೌಂಟರಿನಲ್ಲಿ ನಿಂತೆ. ಮಾವನ ಹತ್ತಿರ ಬಾಯಿಬಿಡದ ಹೆಂಗಸರು ನನ್ನ ಹತ್ತಿರ ಬಾಯಿಬಿಟ್ಟರು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋದ ಮೇಲೆ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಈರುಳ್ಳಿ ಹೊಲದಲ್ಲಿ ಬಗ್ಗಿದ ಬೆನ್ನು, ತೆಂಗಿನ ಗುಂಡಿಗೆ ಗೊಬ್ಬರ ಹೊತ್ತ ಕತ್ತು, ಬೈಕಿನ ಹಿಂದೆ ಕೂತ ಮುಖ, ಯಾವುದನ್ನೂ ಅದು ಬಿಡುವುದಿಲ್ಲ. ಬೆವರುಗುಳ್ಳೆ, ಕಲೆ, ಕಡಿತ, ಉರಿ ಅಂತ ದಿನಕ್ಕೆ ಹತ್ತು ಜನ ಬರುತ್ತಿದ್ದರು.

ಕಪ್ಪು ಅಂದರೆ ಎಲ್ಲರದೂ ಒಂದೇ ಕಪ್ಪು ಅಂದುಕೊಂಡುಬಿಟ್ಟಿದ್ದಾರೆ ಈ ಜನ. ನನ್ನದು ಎಣ್ಣೆಗಪ್ಪು, ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಹಣೆಯ ಜಿಡ್ಡಿನಲ್ಲಿ ಒಗ್ಗರಣೆ ಹಾಕಬಹುದು. ನನ್ನಂಥವರು ಮುಖಕ್ಕೆ ಕೊಬ್ಬರಿ ಎಣ್ಣೆ ಬಳಿದುಕೊಂಡು ಬಿಸಿಲಿಗೆ ಹೋದರೆ ಗುಳ್ಳೆ ಏಳದೆ ಇನ್ನೇನು ಮುತ್ತು ಉದುರುತ್ತವೆಯೇ? ನಮ್ಮಮ್ಮನದು ಒಣ ಮೈ. ಮೊಣಕಾಲ ಕೆಳಗೆ ಬೂದಿ ಎರಚಿದ ಹಾಗೆ ಬಿಳಿಚಿಕೊಂಡು ಬಿರುಕು ಬಿಡುತ್ತದೆ. ಅವಳಿಗೆ ಸ್ನಾನ ಮಾಡಿ ಮೈಯ ಪಸೆ ಆರುವ ಮೊದಲೇ ಅದೇ ಕೊಬ್ಬರಿ ಎಣ್ಣೆ ಹಚ್ಚಬೇಕು. ಸಾದಗಪ್ಪಿನ ಹೆಂಗಸರಿಗೆ ಎರಡು ಹೆರಿಗೆ ಆಗಿ ನಾಲ್ಕು ಬೇಸಿಗೆ ಬಿಸಿಲು ತಾಗಿದರೆ ಕೆನ್ನೆಗೆ ಬಂಗು ಬರುತ್ತದೆ. ಇನ್ನು ಕೆಲವರಿಗೆ ಸೊಳ್ಳೆ ಕಚ್ಚಿದ್ದನ್ನು ಕೆರೆದುಕೊಂಡರೂ ಆರು ತಿಂಗಳು ಕಲೆ ನಿಲ್ಲುತ್ತದೆ. ಅವರು ಗುಳ್ಳೆಗೆ ಉಗುರು ತಾಗಿಸಲೇಬಾರದು. ನಿಂಬೆಹಣ್ಣು ಉಜ್ಜಬೇಡಿ, ಟೂತ್‌ಪೇಸ್ಟ್ ಬಳಿಯಬೇಡಿ, ಕೊಡೆ ಹಿಡಿಯಲು ನಾಚಬೇಡಿ ಅಂತ ನಾನು ಹೇಳಿದ್ದೇ ಹೇಳಿದ್ದು. ಸನ್‌ಸ್ಕ್ರೀನ್ ಹಚ್ಚಿದರೆ ಮುಖಕ್ಕೆ ಅಕ್ಕಿಹಿಟ್ಟು ಮೆತ್ತಿದ ಹಾಗೆ ಕಾಣುತ್ತದೆ ಅಂತ ಬಿಸಾಕಿದವರಿಗೆ, ಹಚ್ಚಿದ್ದೇ ಕಾಣದ ಜೆಲ್ ತರಿಸಿಕೊಟ್ಟೆ.

ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ತಲೆ ಅಲ್ಲಾಡಿಸುತ್ತಿದ್ದರು. ಮೆಟ್ಟಿಲು ಇಳಿಯುವ ಮುಂಚೆ ಒಂದು ಸಲ ತಿರುಗಿ, "ಅದೆಲ್ಲಾ ಸರಿ ಕಣಕ್ಕ, ಬೆಳ್ಳಗಾಗೋದು ಯಾವ್ದು?" ಅನ್ನುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು ನನಗೆ.

ಬೆಳ್ಳಗಾಗುವುದು ಅಂತ ಅವರು ಕೇಳುತ್ತಿದ್ದದ್ದು ಒಂದು ಟ್ಯೂಬು. ತೊಡೆಸಂದಿಯ ಹುಳುಕಡ್ಡಿಗೆ ಅಂತ ಗಂಡಸರು ಗುಟ್ಟಾಗಿ ಒಯ್ಯುವಂಥದ್ದು. ಅದರೊಳಗೆ ಸ್ಟೀರಾಯ್ಡ್ ಇದೆ. ಮುಖಕ್ಕೆ ಹಚ್ಚಿದರೆ ಹದಿನೈದು ದಿನದಲ್ಲಿ ಬಣ್ಣ ತಿಳಿಯಾಗುತ್ತದೆ, ಗುಳ್ಳೆ ಅಡಗುತ್ತವೆ, ಊರೆಲ್ಲ ಹೊಗಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಒಬ್ಬಳು ಹಚ್ಚಿ ಬೆಳಗಿದಳೋ, ಅವಳ ಖಾಲಿ ಟ್ಯೂಬನ್ನು ಹಿಡಿದುಕೊಂಡು "ಇದೇ ಕೊಡಿ" ಅಂತ ಬೀದಿಗೆ ಬೀದಿಯೇ ಬರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಡಕೂಡದು ಅಂತ ಟ್ಯೂಬಿನ ಮೇಲೇ ಬರೆದಿದೆ. ನಾನು ಕೌಂಟರಿನಲ್ಲಿ ಇದ್ದಷ್ಟು ದಿನ ಒಬ್ಬರಿಗೂ ಕೊಡಲಿಲ್ಲ.

ಆಮೇಲೆ ಬಸುರಾದೆ. ಏಳನೇ ತಿಂಗಳು ಮುಗಿಯುತ್ತಲೇ ತವರಿಗೆ ಹೋದೆ. ಹೆಣ್ಣುಕೂಸು ಹುಟ್ಟಿತು. ಐದು ತಿಂಗಳ ಬಾಣಂತನ ಮುಗಿಸಿ, ಶಿವರಾತ್ರಿ ಹೊತ್ತಿಗೆ ಅಜ್ಜಂಪುರಕ್ಕೆ ವಾಪಸ್ ಬಂದೆ. ಅತ್ತೆ ಆರತಿ ಎತ್ತಿ ಒಳಗೆ ಕರೆದುಕೊಂಡರು. ಕುಲಾವಿ ಸರಿಸಿ ಮೊಮ್ಮಗಳ ಕಿವಿಯ ಹಿಂದೆ ನೋಡಿದರು. ಕೂಸಿನ ನಿಜವಾದ ಬಣ್ಣ ಕಿವಿಯ ಹಿಂದೆ ಗೊತ್ತಾಗುತ್ತದೆಯಂತೆ. "ಅಯ್ಯೋ ಶಿವನೇ, ಇದೂ ಅವ್ವನ ಬಣ್ಣನೇ ತಗೊಂಬಂತಲ್ಲ" ಅಂದರು.

"ಇನ್ಯಾರ ಬಣ್ಣ ತರಬೇಕಿತ್ತು ಅತ್ತೆ, ಪಕ್ಕದ ಮನೆಯವರದ್ದಾ?" ಅಂದೆ. ಅವತ್ತು ರಾತ್ರಿ ನನ್ನನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ನಾನೇ ಬಡಿಸಿಕೊಂಡು ಉಂಡೆ.

ಮಾರನೆಯ ದಿನ ಕೂಸನ್ನು ಮಲಗಿಸಿ ಶಾಪಿಗೆ ಹೋದೆ. ಮನೆ ಹಿಂದೆ, ಶಾಪು ಮುಂದೆ. ಎದುರಿಗೇ ಬಸ್ಸು ನಿಲ್ಲುವ ಜಾಗ. ಹತ್ತು ಗಂಟೆಯ ಹೊತ್ತಿಗೆ ಒಬ್ಬಳು ಹುಡುಗಿ ದುಪಟ್ಟಾದಿಂದ ಮುಖವೆಲ್ಲ ಸುತ್ತಿಕೊಂಡು ಬಂದು, ಮಾತಿಲ್ಲದೆ ಮಾವನ ಎದುರು ಖಾಲಿ ಟ್ಯೂಬು ಇಟ್ಟಳು. ಮಾವ ಡ್ರಾಯರಿನಿಂದ ಹೊಸದೊಂದನ್ನು ತೆಗೆದು ಕೊಟ್ಟರು. ಇಬ್ಬರಿಗೂ ಅದು ವಾರದ ಸಂತೆಯಷ್ಟು ರೂಢಿಯಾಗಿತ್ತು. ಕಣ್ಣು ನೋಡಿ ಗುರುತು ಸಿಕ್ಕಿತು. ಗಗನಾ. ಅಂತರಘಟ್ಟೆ ಕಡೆಯ ಬೀರಪ್ಪನ ಮಗಳು, ತರೀಕೆರೆಯಲ್ಲಿ ಕೊನೆಯ ವರ್ಷದ ಬಿ.ಎ. ಓದುವವಳು. ನಮ್ಮ ಮೆಟ್ಟಿಲ ಮೇಲೆ ಕೂತು ಬಸ್ಸಿಗೆ ಕಾಯುತ್ತಾ ನನ್ನ ಜೊತೆ ಹರಟೆ ಹೊಡೆಯುತ್ತಿದ್ದವಳು.

"ಇದೇನೇ ಗಗನಾ, ದರೋಡೆಗೆ ಹೊರಟಂಗೆ ಕಟ್ಕೊಂಡಿದೀಯಾ?" ಅಂತ ನಗುತ್ತಾ ದುಪಟ್ಟಾ ಎಳೆದೆ.

ಆ ಹುಡುಗಿಗೆ ಎಂಥ ನಯವಾದ ಎಣ್ಣೆಗಪ್ಪು ಮುಖವಿತ್ತು! ಈಗ ಕೆನ್ನೆಗಳು ಬೆಂದ ಹಾಗೆ ಕೆಂಪಗೆ, ಚರ್ಮದೊಳಗಿನ ಸಣ್ಣ ನರಗಳು ಎಳೆಎಳೆಯಾಗಿ ಕಾಣುತ್ತಿವೆ, ಕಿವಿಯ ಪಕ್ಕದಿಂದ ಗಲ್ಲದವರೆಗೆ ರೋಮ ಬೆಳೆದಿದೆ. ಕುತ್ತಿಗೆ ಮಾತ್ರ ಮೊದಲಿನ ಬಣ್ಣದ್ದು. ಮುಖ ಒಬ್ಬರದು, ಕುತ್ತಿಗೆ ಇನ್ನೊಬ್ಬರದು ಅನ್ನುವ ಹಾಗೆ ನಿಂತಿದ್ದಳು.

"ಎಷ್ಟ್ ದಿನದಿಂದ ಹಚ್ತಿದೀಯೇ?"

"ಏಳ್ ತಿಂಗ್ಳು ಆಯ್ತು ಅಕ್ಕ. ಅವ್ವನೇ ತಂದ್ಕೊಟ್ಲು ಮೊದ್ಲು. ಬೆಳ್ಳಗಂತೂ ಆದೆ. ಆದ್ರೆ ಬಿಸ್ಲಿಗೆ ಹೋದ್ರೆ ಮೆಣಸಿನ್ಕಾಯಿ ಅರೆದು ಹಚ್ಚಿದಂಗಾಗುತ್ತೆ ಕಣಕ್ಕ."

ಆಗ ನಾನು ಮಾಡಿದ್ದು ಶುದ್ಧ ಪೆದ್ದುತನ. ಅವಳ ಕೈಯಿಂದ ಟ್ಯೂಬು ಕಿತ್ತುಕೊಂಡು ಕಸದ ಡಬ್ಬಿಗೆ ಎಸೆದೆ. "ಇವತ್ತಿಂದ ಇದು ಬಂದ್. ಮುಟ್ಟಿದ್ರೆ ನೋಡು" ಅಂದೆ. ಏಳು ತಿಂಗಳು ಸ್ಟೀರಾಯ್ಡ್ ಕುಡಿದ ಚರ್ಮ ಒಂದೇ ಏಟಿಗೆ ನಿಲ್ಲಿಸಿದರೆ ಸುಮ್ಮನಿರುವುದಿಲ್ಲ ಅಂತ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟೆ, ಅಷ್ಟೇ. ಡಾಕ್ಟರ ಹತ್ತಿರ ಹೋಗು ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ಅವಳು ಹೋದ ಮೇಲೆ ಬಿಲ್ಲಿನ ಪುಸ್ತಕ ತೆಗೆದು ನೋಡಿದೆ. ಗಗನಾ ಒಬ್ಬಳೇ ಅಲ್ಲ. ಪ್ರತಿ ಬಿಲ್ಲಿನ ಕೆಳಗೂ ಫಾರ್ಮಸಿಸ್ಟ್ ಅಂತ ನನ್ನ ಹೆಸರು. ನಾನು ತವರಿನಲ್ಲಿ ಮೆಂತ್ಯದ ಗಂಜಿ ಕುಡಿದುಕೊಂಡು ಮಲಗಿದ್ದಾಗ ಅಜ್ಜಂಪುರದಲ್ಲಿ ನನ್ನ ಹೆಸರು ಕೌಂಟರಿನಲ್ಲಿ ನಿಂತು ಟ್ಯೂಬು ಮಾರುತ್ತಿತ್ತು.

"ಮಾವ, ಔಷಧಿ ಅಂಗಡಿ ಇಟ್ಕೊಂಡು ನಾವೇ ಹಿಂಗ್ ಮಾಡಿದ್ರೆ? ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ."

ಮಾವ ಕನ್ನಡಕ ಒರೆಸಿದರು. ಅವರು ಕೂಗುವವರಲ್ಲ. ಹಣೆ ತುಂಬ ವಿಭೂತಿ, ತಿಂಗಳಿಗೊಮ್ಮೆ ಮಠದ ದಾಸೋಹಕ್ಕೆ ಅಕ್ಕಿ, ಊರೆಲ್ಲ ಎದ್ದುನಿಂತು ಕೈಮುಗಿಯುವ ಮನುಷ್ಯ. "ನಾನೇನು ಮನೆಮನೆಗೆ ಹೋಗಿ ಮಾರಿದ್ನೇನಮ್ಮಾ? ಬಂದು ಕೇಳ್ತಾರೆ, ಕೊಡ್ತೀವಿ. ನಾವ್ ಕೊಡ್ದಿದ್ರೆ ಆ ಕಡೆ ಅಂಗ್ಡಿಯೋನು ಕೊಡ್ತಾನೆ. ಹೆಣ್ಮಕ್ಳ ಮದುವೆ ವಿಚಾರ, ಪಾಪ. ನೀನು ಕೂಸು ನೋಡ್ಕೊ ಹೋಗು."

"ನನ್ನ ಹೆಸರು ಹಾಕಿ ಕೊಡಬೇಡಿ."

"ಆಯ್ತು ಬಿಡಮ್ಮ" ಅಂದರು. ನಾನು ನಂಬಿದೆ.

ಹನ್ನೆರಡು ದಿನ ಕಳೆದು ಒಂದು ಬುಧವಾರ ಗಗನಾಳ ತಾಯಿ ಕೆಂಚಮ್ಮ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದು ಕೌಂಟರಿನ ಎದುರು ನಿಲ್ಲಿಸಿದಳು. ದುಪಟ್ಟಾ ಅವಳೇ ಕಿತ್ತಳು. ಗಗನಾಳ ಮುಖ ಊದಿಕೊಂಡಿತ್ತು. ಹಣೆಯಿಂದ ಗಲ್ಲದವರೆಗೆ ಕೀವುಗುಳ್ಳೆಗಳು, ಸಿಪ್ಪೆ ಏಳುತ್ತಿರುವ ಚರ್ಮ, ಕಣ್ಣು ಸರಿಯಾಗಿ ತೆರೆಯಲಾಗದೆ ನೀರು ಸುರಿಯುತ್ತಿತ್ತು.

"ನೋಡು ತಾಯಿ, ನಿನ್ ಮಾತು ಕೇಳಿ ನನ್ ಮಗ್ಳು ಏನಾಗವ್ಳೆ ನೋಡು! ಟ್ಯೂಬ್ ಹಚ್ಚೋಗಂಟ ಚಂದಾಗಿದ್ಲು. ನೀನು ಬಿಡ್ಸಿದ್ದೇ ಬಿಡ್ಸಿದ್ದು, ಅಮ್ಮ ಬಂದಂಗಾಗವ್ಳೆ. ಭಾನುವಾರ ಕಡೂರು ಕಡೆಯಿಂದ ಗಂಡಿನೋರು ನೋಡಕ್ಕೆ ಬತ್ತಾವ್ರೆ. ತೆಂಗಿನ ತ್ವಾಟದೋರು. ಫೋಟೋದಾಗೆ ನೋಡಿ ಒಪ್ಪವ್ರೆ. ಈ ಮುಖ ಇಟ್ಕೊಂಡು ಹೆಂಗ್ ಕೂರಿಸ್ಲಿ ನಾನು?"

ಟ್ಯೂಬೇ ಇದನ್ನು ಮಾಡಿದ್ದು, ಬಿಟ್ಟದ್ದಲ್ಲ ಅಂತ ವಿವರಿಸಲು ಹೋದೆ. ನನ್ನ ಮಾತು ನನಗೇ ಟೊಳ್ಳು ಅನ್ನಿಸಿತು. ಹಚ್ಚಿದಾಗ ಚೆಂದ, ಬಿಟ್ಟಾಗ ಕುರೂಪ. ಕಣ್ಣೆದುರು ಇದ್ದದ್ದು ಅದು. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ನಂಬುತ್ತಿದ್ದರು.

"ಕೆಂಚಮ್ಮ, ಶುಕ್ರವಾರ ತರೀಕೆರೆಗೆ ಚರ್ಮದ ಡಾಕ್ಟರು ಬರ್ತಾರೆ. ನಾನೇ ಕರ್ಕೊಂಡು ಹೋಗ್ತೀನಿ."

"ಡಾಕ್ಟ್ರು ಭಾನುವಾರದೊಳಗೆ ಸರಿ ಮಾಡ್ತಾರಾ?"

ಆಗಲ್ಲ ಅಂತ ನನಗೆ ಗೊತ್ತಿತ್ತು. ಕೆಂಚಮ್ಮ ಮಾವನ ಕಡೆ ತಿರುಗಿ, "ಯಜಮಾನ್ರೇ, ನೀವಾದ್ರೂ ಧರ್ಮ ಕಟ್ಕಳಿ" ಅಂದಳು. ಮಾವ ನನ್ನ ಮುಖವನ್ನೇ ನೋಡುತ್ತಾ ಡ್ರಾಯರು ಎಳೆದು ಎರಡು ಟ್ಯೂಬು ತೆಗೆದು ಅವಳ ಕೈಗೆ ಕೊಟ್ಟರು. ಬಿಲ್ಲು ಬರೆದು ಕೆಳಗೆ ನನ್ನ ಹೆಸರೂ ಬರೆದರು. ನಾನು ಎದುರಿಗೇ ನಿಂತಿದ್ದೆ, ಸ್ವಾಮಿ! ಕಣ್ಣಿಗೆ ಕಣ್ಣು ಕೊಟ್ಟು ನನ್ನ ಹೆಸರು ಬರೆದರು.

ಆ ತಾಯಿ ಮಗಳು ಬಸ್ಸು ಹತ್ತುವುದನ್ನು ನೋಡಿದೆ. ಆಮೇಲೆ ಸ್ಟೂಲು ಎಳೆದು, ಹತ್ತಿ, ಗೋಡೆಯ ಮೇಲಿದ್ದ ನನ್ನ ಸರ್ಟಿಫಿಕೇಟನ್ನು ಫ್ರೇಮಿನ ಸಮೇತ ಇಳಿಸಿದೆ.

"ಏನ್ ಮಾಡ್ತಿದೀಯಾ?" ಮಾವನ ದನಿ ಮೊದಲ ಸಲ ಏರಿತು.

"ನನ್ನ ಹೆಸರನ್ನ ಮನೆಗೆ ಕರ್ಕೊಂಡು ಹೋಗ್ತಿದೀನಿ. ಡ್ರಗ್ ಇನ್ಸ್‌ಪೆಕ್ಟರ್‌ಗೂ ಕಾಗದ ಬರೀತೀನಿ, ಈ ಅಂಗಡಿಗೂ ನನಗೂ ಸಂಬಂಧ ಇಲ್ಲ ಅಂತ. ಈಗ ಶಟರ್ ಎಳೀರಿ."

ಎಳೆಯಲೇಬೇಕಾಯಿತು. ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಹೇಳುವುದಿಲ್ಲ. ಅತ್ತೆ ಒಂದು ಮಾತು ಅಂದರು, ಅದನ್ನು ಮಾತ್ರ ಹೇಳುತ್ತೇನೆ: "ಆ ಕಾಗ್ದ ನೋಡ್ಕೊಂಡು ತಾನೇ ನಿನ್ನ ಬಣ್ಣ ನುಂಗ್ಕೊಂಡಿದ್ದು ನಾವು!" ಗಂಡ ತಟ್ಟೆ ನೋಡುತ್ತಾ ಕೂತಿದ್ದರು. "ರೀ, ನೀವೂ ನುಂಗ್ಕೊಂಡಿದ್ದೇನು?" ಅಂತ ಕೇಳಿದೆ. "ಸುಮ್ನಿರೇ ಕೋಮಲಾ" ಅಂದರು. ಇಲ್ಲ ಅನ್ನಲಿಲ್ಲ. ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಮಾವನ ಮೇಲೂ ಬಂದಿರಲಿಲ್ಲ.

ಶುಕ್ರವಾರ ಬೆಳಗ್ಗೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಗಗನಾಳ ಊರಿನ ಬಸ್ಸು ಹತ್ತಿದೆ. ಅವರ ಮನೆಯಲ್ಲಿ ಕೆಂಚಮ್ಮ ಇರಲಿಲ್ಲ, ಹೊಲಕ್ಕೆ ಹೋಗಿದ್ದಳು. ಗಗನಾ ಬಾಗಿಲು ತೆಗೆದಳು. ಎರಡೇ ರಾತ್ರಿಗೆ ಊತ ಇಳಿದಿತ್ತು, ಗುಳ್ಳೆ ಅರ್ಧ ಬಾಡಿದ್ದವು.

"ನೋಡಕ್ಕ, ಹೋಗ್ತಾ ಐತೆ. ಟ್ಯೂಬ್ ಹಚ್ಚಿದ್ರೆ ಸರಿ ಹೋಗುತ್ತೆ" ಅಂದಳು. ಅವಳ ದನಿಯಲ್ಲಿ ನನ್ನನ್ನು ಬೈಯುವ ಹಾಗೂ ಇತ್ತು, ಬೇಡಿಕೊಳ್ಳುವ ಹಾಗೂ ಇತ್ತು.

"ತಪ್ಪು ನಂದೇ ಕಣೇ. ಹಂಗೆ ಒಂದೇ ಸಲ ಬಿಡು ಅನ್ನಬಾರದಾಗಿತ್ತು. ಡಾಕ್ಟರ ಹತ್ರ ಒಂದ್ಸಲ ಬಾ. ಆಮೇಲೆ ನಿನ್ನಿಷ್ಟ." ಅವಳು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು.

ತರೀಕೆರೆಯಲ್ಲಿ ಡಾಕ್ಟರ್ ಸುಮನಾ ಗಗನಾಳ ಮುಖವನ್ನು ದೀಪ ಹಿಡಿದು ನೋಡಿದರು. ಮೊದಲು ಬೈದದ್ದು ನನ್ನನ್ನು. "ಫಾರ್ಮಸಿಸ್ಟ್ ಅಂತೀರಿ, ಏಳು ತಿಂಗಳು ಹಚ್ಚಿದವಳಿಗೆ ಔಷಧಿ ಇಲ್ಲದೆ ಬರೀ ನಿಲ್ಲಿಸು ಅಂದ್ರಾ?" ಸರಿಯಾಗಿ ಬೈಸಿಕೊಂಡೆ. ಆಮೇಲೆ ಗಗನಾಗೆ ಹೇಳಿದರು: ಟ್ಯೂಬು ನಿಲ್ಲಿಸಲೇಬೇಕು. ಉರಿ ತಡೆಯಲು ಔಷಧಿ ಕೊಡುತ್ತೇನೆ, ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ. ಆದರೂ ಕೆಲವು ತಿಂಗಳು ಮುಖ ಹೀಗೇ ಇರುತ್ತದೆ, ಏಳುತ್ತದೆ, ಇಳಿಯುತ್ತದೆ. ಬಿಸಿಲಿಗೆ ಬರಿಮುಖದಲ್ಲಿ ಹೋಗಬೇಡ. ಏನನ್ನೂ ಉಜ್ಜಬೇಡ.

"ಮೊದ್ಲಿನ ತರ ಕಪ್ಪಗಾಗ್ತೀನಾ ಮೇಡಂ?" ಅಂತ ಗಗನಾ ಕೇಳಿದಳು.

"ಆದ್ರೆ ಪುಣ್ಯ ಅನ್ಕೊ" ಅಂದರು ಡಾಕ್ಟರು.

ವಾಪಸ್ ಬರುವಾಗ ಬಸ್ಸು ಕಾದ ಕಾವಲಿಯಾಗಿತ್ತು. ಗಗನಾ ಔಷಧಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಊರು ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು: "ಅಕ್ಕ, ಭಾನುವಾರಕ್ಕೆ ಮಾತ್ರ ಟ್ಯೂಬ್ ಹಚ್ಕೊಂಡು, ಸೋಮವಾರದಿಂದ ಬಿಟ್ಟುಬಿಟ್ರೆ?"

ನನಗೆ ರೇಗಿಹೋಯಿತು. ಅವಳ ಮೇಲಲ್ಲ, ಆದರೆ ಸಿಕ್ಕವಳು ಅವಳು. "ಭಾನುವಾರ ಆದ್ಮೇಲೆ ಒಪ್ಪಿಗೆ ಶಾಸ್ತ್ರ. ಅದಾದ್ಮೇಲೆ ಧಾರೆ. ಧಾರೆ ಆದ್ಮೇಲೆ ಅತ್ತೆಮನೆ, ಅಲ್ಲಿ ವಾರಗಿತ್ತಿ ನಿನಗಿಂತ ಬೆಳ್ಳಗಿರ್ತಾಳೆ. ಆಮೇಲೆ ನಿನಗೊಂದು ಹೆಣ್ಣುಕೂಸು ಹುಟ್ಟುತ್ತೆ, ಅದರ ಕಿವಿ ಹಿಂದೆ ನೋಡ್ತಾರೆ. ಯಾವ ಸೋಮವಾರ ಬಿಡ್ತೀಯೇ ನೀನು, ಹೇಳು!" ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೂಸು ಬೆಚ್ಚಿ ಅಳತೊಡಗಿತು. ಗಗನಾ ಇಳಿದು ಹೋದಳು. ಇಷ್ಟು ಕೂಗಾಡಿ ಮತ್ತೆ ಅದೇ ತಪ್ಪು ಮಾಡಿದೆನೇನೋ, ಟ್ಯೂಬಿನ ಬಾಯಿಗೇ ಅವಳನ್ನು ನೂಕಿದೆನೇನೋ ಅಂತ ಎರಡು ದಿನ ನಿದ್ದೆ ಮಾಡಲಿಲ್ಲ.

ಸೋಮವಾರ ಬೆಳಗ್ಗೆ ಕೆಂಚಮ್ಮ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ನಿನ್ ಬಾಯಿಗ್ ಮಣ್ಣಾಕ! ಶನಿವಾರ ನನ್ ಮಗ್ಳು ಎರಡೂ ಟ್ಯೂಬ್ನ ಬಚ್ಚಲೊಲೆಗೆ ಹಾಕವ್ಳೆ! ಆ ಮುಖದಾಗೇ ಹೋಗಿ ಗಂಡಿನೋರ ಮುಂದೆ ಕಾಪಿ ಕೊಟ್ಟವ್ಳೆ. ಅವ್ರು ಲೋಟ ಮುಟ್ಲಿಲ್ಲ ಕಣಮ್ಮಾ, ಲೋಟ ಮು‍ಟ್ಲಿಲ್ಲ! ಹುಡ್ಗಿಗೆ ಚರ್ಮದ ಕಾಯ್ಲೆ ಐತೆ ಅಂದ್ಬುಟ್ಟು ಎದ್ದೋದ್ರು. ಕಾಗ್ದ ಇಳಿಸ್ಕೊಂಡು ದೊಡ್ ಮನ್ಸೆ ಆಗ್ಬುಟ್ಟೆ ನೀನು. ಕರ್ರಗಿರೋರು ಏನೇನ್ ಅನ್ನಿಸ್ಕೊಂತಾರೆ ಅಂತ ನಿಂಗೇನ್ ಗೊತ್ತು?"

ಅಷ್ಟು ಅಂದು ಅವಳೇ ನನ್ನನ್ನು ನೋಡಿದಳು. ಈರುಳ್ಳಿ ಹೊಲದಲ್ಲಿ ಸುಟ್ಟ ಅವಳ ಕೈ, ಬಾಗಿಲ ಚೌಕಟ್ಟಿನ ಮೇಲೆ ನನ್ನ ಕೈ. ಎರಡಕ್ಕೂ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟುಹೋದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೈಯಬೇಕಾದವರು ಒಳಗೆ ಲಿಂಗಪೂಜೆ ಮುಗಿಸಿ ತಿಂಡಿಗೆ ಕೂತಿದ್ದರು.

ಆ ವಾರವೇ ನನ್ನ ಗಂಡ ಕಡೂರಿಗೆ ಹೋಗಿ ಧರ್ಮೇಶ್ ಅನ್ನುವವನ ಸರ್ಟಿಫಿಕೇಟನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು ಬಂದರು. ಏನೇನು ಓಡಾಡಿದರೋ, ಯಾರ ಕೈಕಾಲು ಹಿಡಿದರೋ, ಎಂಟನೆಯ ದಿನಕ್ಕೆ ಶಟರು ಮತ್ತೆ ಮೇಲೆದ್ದಿತು. ನನ್ನ ಫ್ರೇಮು ಇದ್ದ ಮೊಳೆಗೇ ಅವನ ಫ್ರೇಮು ನೇತುಬಿತ್ತು. ಆ ಧರ್ಮೇಶನ ಮುಖವನ್ನು ಅಜ್ಜಂಪುರದಲ್ಲಿ ಇವತ್ತಿನವರೆಗೆ ಯಾರೂ ನೋಡಿಲ್ಲ. ಅತ್ತೆ ನನ್ನನ್ನು ನೋಡಿ, "ಈಗ ಕಾಗ್ದನೂ ಇಲ್ಲ, ಬಣ್ಣನೂ ಇಲ್ಲ" ಅಂದರು. ಟ್ಯೂಬುಗಳು ಮೊದಲು ಡ್ರಾಯರಿನಲ್ಲಿ ಅಡಗಿರುತ್ತಿದ್ದವು. ಈಗ ಮಾವನ ಬೆನ್ನ ಹಿಂದಿನ ಕಪಾಟಿನಲ್ಲಿ, ನನಗೆ ಕಾಣಲಿ ಅಂತಲೇ, ಸಾಲಾಗಿ ಜೋಡಿಸಿಟ್ಟರು. ನಾನು ಸೋತೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಡಾಕ್ಟರು ಹೇಳಿದ್ದ ಹದಿನೈದನೆಯ ದಿನದ ಶುಕ್ರವಾರ ಬಂತು. ಗಗನಾ ಬರುತ್ತಾಳೆ ಅಂತ ನನಗೆ ನಂಬಿಕೆ ಇರಲಿಲ್ಲ. ಆದರೂ ಕೂಸಿಗೆ ಹಾಲು ಕುಡಿಸಿ ತರೀಕೆರೆಗೆ ಹೊರಟು ಮುಂಬಾಗಿಲಿಗೆ ಬಂದೆ. ನೋಡಿದರೆ ನಮ್ಮ ಶಾಪಿನ ಮೆಟ್ಟಿಲ ಮೇಲೆ, ಮೊದಲು ಕೂರುತ್ತಿದ್ದ ಜಾಗದಲ್ಲೇ ಕೂತಿದ್ದಾಳೆ. ತಲೆಯ ಮೇಲೆ ಕೊಡೆ, ಮುಖಕ್ಕೆ ಏನೂ ಇಲ್ಲ. ಹಣೆಯ ಮೇಲೆ ಸಿಪ್ಪೆ ಏಳುತ್ತಿದೆ, ಕೆನ್ನೆಯಲ್ಲಿ ಕೆಂಪು, ಕಪ್ಪು, ಬಿಳಿ ತೇಪೆ ತೇಪೆಯಾಗಿವೆ. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿದ್ದಾರೆ. ನೋಡಲಿ ಅಂತಲೇ ಕೂತ ಹಾಗಿತ್ತು. ಮಾವ ಕೌಂಟರಿನ ಹಿಂದೆ ಪೇಪರು ಬಿಡಿಸಿ ಹಿಡಿದಿದ್ದರು.

ಅಷ್ಟರಲ್ಲಿ ಒಬ್ಬ ಹೆಂಗಸು ಹದಿನೈದು ಹದಿನಾರರ ಮಗಳನ್ನು ಕರೆದುಕೊಂಡು ಮೆಟ್ಟಿಲ ಹತ್ತಿರ ಬಂದಳು. ಎಣ್ಣೆಗಪ್ಪಿನ ಹುಡುಗಿ, ಹಣೆಯಲ್ಲಿ ಎರಡು ಗುಳ್ಳೆ, ಅಷ್ಟೇ. ತಾಯಿಯ ಕೈಯಲ್ಲಿ ಖಾಲಿ ಟ್ಯೂಬು. ನಾನು ಬಾಯಿ ತೆರೆಯುವ ಮೊದಲೇ ಆ ಹೆಂಗಸು ಗಗನಾಳನ್ನು ನೋಡಿ ನಿಂತುಬಿಟ್ಟಳು.

"ಅಯ್ಯೋ, ಏನಾಯ್ತವ್ವಾ ಮುಖಕ್ಕೆ? ಬೆಂಕಿ ಗಿಂಕಿ ಬಿತ್ತಾ?"

"ಇಲ್ಲ ಕಣಕ್ಕ" ಅಂದಳು ಗಗನಾ. "ಬೆಳ್ಳಗಾಗಕ್ಕೆ ಹೋಗಿದ್ದೆ. ನಿಮ್ಮ ಕೈಲಿರೋದೇ ಟ್ಯೂಬು. ಇದೇ ಅಂಗಡಿಯಿಂದ."

ದನಿ ಏರಿಸಲಿಲ್ಲ. ನನ್ನ ಹಾಗೆ ಕೂಗಲಿಲ್ಲ, ಬಯ್ಯಲಿಲ್ಲ. ಆ ಹುಡುಗಿ ತಾಯಿಯ ಕೈಯನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಹೆಂಗಸು ಗಗನಾಳನ್ನು ನೋಡಿದಳು, ಟ್ಯೂಬನ್ನು ನೋಡಿದಳು, ಆಮೇಲೆ ಕೌಂಟರಿನ ಕಡೆ ತಲೆ ಎತ್ತಿದಳು.

"ಹೌದೇನ್ರೀ ಯಜಮಾನ್ರೇ? ಇದೇನಾ?"

ಮಾವ ಪೇಪರು ಇಳಿಸಿದರು. ಗಗನಾ ಕೂತಲ್ಲಿಂದಲೇ ತಿರುಗಿ, ಬರಿಮುಖವನ್ನು ಪೂರ್ತಿ ಅವರ ಕಡೆ ಹಿಡಿದಳು. ಮಾವನ ವಿಭೂತಿಯ ಕೆಳಗೆ ಬೆವರು ಒಡೆಯಿತು. ಅವರ ಬೆನ್ನ ಹಿಂದೆ ಕಪಾಟಿನಲ್ಲಿ ಟ್ಯೂಬುಗಳು ಎರಡು ಸಾಲು ನಿಂತಿದ್ದವು. ಬೀದಿಯಲ್ಲಿದ್ದವರಿಗೆಲ್ಲ ಕಾಣುತ್ತಿದ್ದವು.

"ಸ್ಟಾಕ್ ಇಲ್ಲಮ್ಮಾ" ಅಂದರು ಮಾವ.

ಹೆಂಗಸು ಮಗಳನ್ನು ಕರೆದುಕೊಂಡು ಹೊರಟುಹೋದಳು. ತರೀಕೆರೆಯ ಬಸ್ಸು ಬಂದು ನಿಂತಿತು. ಕಂಡಕ್ಟರು ಕೂಗಿದ. ನಾನು ಕೂಸನ್ನು ಸೊಂಟಕ್ಕೇರಿಸಿಕೊಂಡು, "ಏಳೇ ಗಗನಾ, ಬಸ್ಸು ಬಂತು" ಅಂದೆ.

"ಇನ್ನೊಂದ್ ಬಸ್ಸಿಗೆ ಹೋಗೋಣ ಅಕ್ಕ" ಅಂದಳು ಅವಳು, ಕೊಡೆಯನ್ನು ಸರಿಯಾಗಿ ಹಿಡಿದುಕೊಂಡು. "ಇನ್ನೂ ಯಾರಾದ್ರೂ ಬತ್ತಾರೆ."